ಪೈಥಾನ್–ಸಿ ಸಂಯೋಜನೆಯಲ್ಲಿ ಅಕ್ಷರಸರಣಿಯ ಸ್ಮೃತಿ ನಿರ್ವಹಣೆ

ಗ್ವಿಡೋ ವಾನ್ ರೋಸಮ್ ಅವರು 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಭಾಷೆಯ ಪ್ರಧಾನ ಆವೃತ್ತಿಯು ಸಿ ಭಾಷೆಯಲ್ಲಿಯೇ ರಚಿತವಾಗಿದೆ. ಆದಕಾರಣ ಬರವಣಿಗೆಯ ಸೌಕರ್ಯಕ್ಕೆ ಪೈಥಾನ್, ವೇಗಕ್ಕೆ ಸಿ ಎಂಬ ಹಂಚಿಕೆ ಸಹಜವಾಗಿ ರೂಢಿಗೆ ಬಂದಿದೆ. ಆದರೆ ಗಣಕದ ಸ್ಮೃತಿಯನ್ನು, ಅಂದರೆ ಮೆಮೊರಿಯನ್ನು, ಬಳಸುವ ಕ್ರಮ ಎರಡರಲ್ಲಿಯೂ ಭಿನ್ನ. ಪೈಥಾನ್ ಪ್ರತಿಯೊಂದು ವಸ್ತುವಿಗೂ ಉಲ್ಲೇಖಗಳ ಎಣಿಕೆಯನ್ನಿಟ್ಟು, ಅದು ಶೂನ್ಯವಾದಾಗ ಜಾಗವನ್ನು ತಾನೇ ತೆರವುಗೊಳಿಸುತ್ತದೆ. ಸಿ ಭಾಷೆಯಲ್ಲಿ ‘ಮ್ಯಾಲಕ್’ ಮೂಲಕ ಪಡೆದ ಜಾಗವನ್ನು ‘ಫ್ರೀ’ ಮೂಲಕ ಹಿಂತಿರುಗಿಸುವ ಹೊಣೆ ಪ್ರೋಗ್ರಾಂ ಬರೆಯುವವರದು. ಸ್ಟ್ರಿಂಗ್ ಅಥವಾ ಅಕ್ಷರಸರಣಿಯು ಒಂದು ಭಾಷೆಯಿಂದ ಮತ್ತೊಂದಕ್ಕೆ ದಾಟುವಾಗ ಈ ಭಿನ್ನತೆ ತೊಡಕಾಗುತ್ತದೆ.

ಮೊದಲ ತೊಡಕು ಅಳತೆಯದು. ‘ಕನ್ನಡ’ ಎಂಬ ಪದ ಓದುಗರಿಗೆ 3 ಅಕ್ಷರ. ಯೂನಿಕೋಡ್ ಪ್ರಕಾರ 5 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಪದಕ್ಕೆ 15 ಬೈಟ್, ಸಿ ಬಯಸುವ ಅಂತ್ಯಸೂಚಕ ಶೂನ್ಯವೂ ಸೇರಿ 16 ಬೈಟ್ ಆಗುತ್ತದೆ. ಪೈಥಾನ್ ತಿಳಿಸುವ ಉದ್ದವಾದರೋ 5. ಅದನ್ನೇ ನಂಬಿ ಸಿ ಭಾಗದಲ್ಲಿ 6 ಬೈಟ್ ಮಾತ್ರ ಕಾದಿರಿಸಿದರೆ ಪಠ್ಯವು ಎಲ್ಲೆ ಮೀರಿ ನೆರೆಯ ಸ್ಮೃತಿಯನ್ನು ಕೆಡಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಲುವುದರಿಂದ ಅಲ್ಲಿ ಅಡಗಿರುವ ದೋಷ ಕನ್ನಡದಲ್ಲಿ ಬಯಲಾಗುತ್ತದೆ.

ಎರಡನೆಯ ತೊಡಕು ಒಡೆತನದ್ದು. ‘ಪೈಯೂನಿಕೋಡ್_ಆಸ್‌ಯುಟಿಎಫ್8’ ಎಂಬ ಫಂಕ್ಷನ್ ಸಿ ಭಾಗಕ್ಕೆ ಪಠ್ಯದ ವಿಳಾಸವನ್ನಷ್ಟೇ ಕೊಡುತ್ತದೆ. ಆ ಜಾಗ ಪೈಥಾನ್ ವಸ್ತುವಿನದೇ. ಅದನ್ನು ಸಿ ತೆರವುಗೊಳಿಸಬಾರದು. ವಸ್ತು ಅಳಿದ ಮೇಲೆ ಬಳಸಲೂಬಾರದು. ಮುಂದೆಯೂ ಬೇಕಿದ್ದರೆ ಪ್ರತಿ ಮಾಡಿಕೊಳ್ಳಬೇಕು, ಇಲ್ಲವೇ ವಸ್ತುವಿನ ಉಲ್ಲೇಖದ ಎಣಿಕೆಯನ್ನು ಹೆಚ್ಚಿಸಿ ಅದನ್ನು ಉಳಿಸಿಕೊಳ್ಳಬೇಕು. ‘ಪೈಯೂನಿಕೋಡ್_ಫ್ರಮ್‌ಸ್ಟ್ರಿಂಗ್’ ಇದಕ್ಕೆ ವಿರುದ್ಧ ದಿಕ್ಕಿನದು. ಅದು ಸಿ ಪಠ್ಯದಿಂದ ಪೈಥಾನಿನಲ್ಲಿ ಹೊಸ ವಸ್ತುವನ್ನು ರಚಿಸುತ್ತದೆ. ಮೂಲಪಠ್ಯದ ಹೊಣೆ ಸಿ ಭಾಗದಲ್ಲಿಯೇ ಉಳಿಯುತ್ತದೆ.

2006ರಲ್ಲಿ ಬಂದ ಪೈಥಾನ್ 2.5ರಿಂದ ಮೂಲ ಗ್ರಂಥಾಲಯದಲ್ಲಿ ಸೇರಿರುವ ‘ಸಿಟೈಪ್ಸ್’ ಬಳಸುವಾಗಲೂ ಇದೇ ಎಚ್ಚರ ಅಗತ್ಯ. ಸಿ ಫಂಕ್ಷನ್ ಮ್ಯಾಲಕ್ ಮೂಲಕ ಪಡೆದ ಜಾಗದಲ್ಲಿ ಪಠ್ಯವನ್ನಿಟ್ಟು ಮರಳಿಸುತ್ತದೆಂದು ಭಾವಿಸೋಣ. ಫಲಿತಾಂಶವನ್ನು ‘ಸಿ_ಚಾರ್_ಪಿ’ ಎಂದು ಘೋಷಿಸಿದರೆ ಪೈಥಾನಿಗೆ ಪಠ್ಯದ ಪ್ರತಿ ದೊರೆಯುತ್ತದೆ, ಮೂಲ ವಿಳಾಸ ಕಳೆದುಹೋಗುತ್ತದೆ. ಹೀಗೆ ಪ್ರತಿ ಕರೆಯಲ್ಲೂ ಸೋರುವ ಕೆಲವೇ ಬೈಟ್‌ಗಳು, ಲಕ್ಷಾಂತರ ಗ್ರಂಥಸೂಚಿ ನಮೂದುಗಳನ್ನು ಸಂಸ್ಕರಿಸುವಲ್ಲಿ ಸ್ಮೃತಿಯನ್ನೇ ಬರಿದುಮಾಡಬಲ್ಲವು. ‘ಸಿ_ವಾಯ್ಡ್_ಪಿ’ ಎಂದು ಘೋಷಿಸಿ, ಪಠ್ಯವನ್ನು ಓದಿಕೊಂಡು, ಬಳಿಕ ಅದೇ ಸಿ ಗ್ರಂಥಾಲಯದ ಬಿಡುಗಡೆ ಫಂಕ್ಷನ್ನಿಗೆ ವಿಳಾಸವನ್ನೊಪ್ಪಿಸುವುದು ಸರಿಯಾದ ಮಾರ್ಗ.

ಜಾಗ ಪಡೆದ ಕಡೆಯಲ್ಲಿಯೇ ಅದರ ಬಿಡುಗಡೆಯೂ ಆಗಬೇಕೆಂಬುದು ಇವೆಲ್ಲದರ ಸಾರ. ಪ್ರತಿ ಫಂಕ್ಷನ್ನಿನ ವಿವರಣೆಯಲ್ಲಿ ಪಠ್ಯದ ಒಡೆತನವನ್ನು ನಮೂದಿಸುವುದೂ, ಕನ್ನಡ ಪಠ್ಯದಿಂದಲೇ ತಂತ್ರಾಂಶವನ್ನು ಪರೀಕ್ಷಿಸುವುದೂ ಭಾಷಾ ತಂತ್ರಾಂಶಗಳ ರಚನೆಯಲ್ಲಿ ಅವಶ್ಯ ಕ್ರಮಗಳಾಗಿವೆ.