ಶಾಕರ್ ಇಲ್ಲದ ಸೈಕಲ್ಲೂ ನನ್ನ ಕಿರುಬೆರಳೂ

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮೌಂಟನ್ ಬೈಕಿನ ಮುಂದಿನ ಶಾಕರ್ ಪೂರ್ತಿ ಕಚ್ಚಿಕೊಂಡಿತ್ತು. ಒತ್ತಿದರೆ ಇಳಿಯುತ್ತಿರಲಿಲ್ಲ, ಇಳಿದರೆ ಮೇಲೇಳುತ್ತಿರಲಿಲ್ಲ. ಮಲಾಡಿನಲ್ಲಿ ನಾಲ್ಕು ತಿಂಗಳ ಮಳೆ ಒಂದು ಕಡೆ, ಮಾರ್ವೆ ಕಡೆಯಿಂದ ಬೀಸುವ ಉಪ್ಪುಗಾಳಿ ಇನ್ನೊಂದು ಕಡೆ. ಅಗ್ಗದ ಶಾಕರ್‌ನೊಳಗೆ ಇರುವುದು ಒಂದು ಸ್ಪ್ರಿಂಗು, ಒಂದಿಷ್ಟು ಗ್ರೀಸು. ಸೀಲ್ ಸವೆದು ನೀರು ಒಳಗೆ ಹೋದರೆ ಅದರ ಕಥೆ ಮುಗಿಯಿತು.

ಸ್ಟೇಷನ್ ಕಡೆಯ ಮೆಕ್ಯಾನಿಕ್ ನೋಡಿ, ರಿಪೇರಿ ಮಾಡುವಂಥದ್ದೇನೂ ಉಳಿದಿಲ್ಲ, ಚಿಮ್ಟಾ ಬದಲಿಸಿ ಎಂದ. ಮುಂಬೈ ಸೈಕಲ್ ಅಂಗಡಿಗಳಲ್ಲಿ ಫೋರ್ಕ್‌ಗೆ ಚಿಮ್ಟಾ ಎನ್ನುತ್ತಾರೆ. ಗಾಳಿ ತುಂಬುವ ಒಳ್ಳೆಯ ಶಾಕರ್ ತಂದರೆ ಸೈಕಲ್‌ನ ಅರ್ಧ ಬೆಲೆ ಅದಕ್ಕೇ ಹೋಗುತ್ತಿತ್ತು. ನಾನು ಸ್ಪ್ರಿಂಗೇ ಇಲ್ಲದ, ನೆಟ್ಟಗಿನ ಸ್ಟೀಲ್ ಫೋರ್ಕ್ ತರಿಸಿದೆ. ಹಳೆಯದು ಎರಡೂವರೆ ಕಿಲೊ ಇತ್ತು, ಹೊಸದು ಒಂದೂಕಾಲು ಕಿಲೊ. ಆಫೀಸಿನಲ್ಲಿ ಹೇಳಿದಾಗ ಜೊತೆಯವರು ನಕ್ಕರು. ಮುಂಬೈ ರಸ್ತೆಗೆ ಇರುವ ಶಾಕರ್‌ನ್ನೂ ತೆಗೆಸುವವನು ನೀನೊಬ್ಬನೇ ಎಂದರು.

ಆದರೆ ಮೌಂಟನ್ ಬೈಕ್ ಹುಟ್ಟಿದ್ದೇ ಶಾಕರ್ ಇಲ್ಲದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1976ರಲ್ಲಿ ರಿಪ್ಯಾಕ್ ಎಂಬ ಇಳಿಜಾರಿನಲ್ಲಿ ಪಂದ್ಯ ಶುರು ಮಾಡಿದಾಗ ಓಡಿಸಿದ್ದು ದಪ್ಪ ಟೈರಿನ ಹಳೆಯ ಸ್ಟೀಲ್ ಸೈಕಲ್‌ಗಳನ್ನು. 1981ರಲ್ಲಿ ಕಾರ್ಖಾನೆಯಿಂದ ದೊಡ್ಡ ಸಂಖ್ಯೆಯಲ್ಲಿ ಬಂದ ಸ್ಪೆಷಲೈಸ್ಡ್ ಸ್ಟಂಪ್‌ಜಂಪರ್‌ನ ಮುಂದಿದ್ದದ್ದೂ ನೆಟ್ಟಗಿನ ಫೋರ್ಕೇ. ರಾಕ್‌ಶಾಕ್ಸ್ ತನ್ನ ಮೊದಲ ಶಾಕರ್ ತಂದದ್ದು 1989ರ ಸುಮಾರಿಗೆ. ಇನ್ನು ನಮ್ಮ ಊರಿನ ಅಟ್ಲಾಸ್, ಹೀರೋ, ಹರ್ಕ್ಯುಲಿಸ್‌ಗಳ ಮಾತೇ ಬೇಡ.

ನನ್ನಂತೆ ಬದಲಿಸಲು ಹೊರಟವರು ಒಂದು ಅಳತೆ ಮರೆಯಬಾರದು. ಶಾಕರ್ ಇರುವ ಸೈಕಲ್ ಮೇಲೆ ಕೂತಾಗ ಅದು ಎರಡು ಸೆಂಟಿಮೀಟರಿನಷ್ಟು ತಾನಾಗಿಯೇ ಕುಗ್ಗುತ್ತದೆ. ಹಾಗಾಗಿ ಹೊಸ ಫೋರ್ಕ್ ಹಳೆಯದರ ಪೂರ್ತಿ ಉದ್ದಕ್ಕಿಂತ ಅಷ್ಟು ಗಿಡ್ಡ ಇದ್ದರೆ ಸರಿ. ಅದಕ್ಕಿಂತ ಹೆಚ್ಚು ಗಿಡ್ಡವಾದರೆ ಪ್ರತಿ ಎರಡು ಸೆಂಟಿಮೀಟರಿಗೆ ಮುಂಭಾಗದ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ನೆಟ್ಟಗಾಗುತ್ತದೆ, ಹ್ಯಾಂಡಲ್ ಚಂಚಲವಾಗುತ್ತದೆ, ಪೆಡಲ್ ನೆಲಕ್ಕೆ ಹತ್ತಿರ ಬರುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಅದನ್ನು ಕೂರಿಸುವ ಕಿವಿ ಫೋರ್ಕ್‌ನಲ್ಲಿ ಇದೆಯೇ ನೋಡಿ ಕೊಳ್ಳಿ. ನಾನು ಇದನ್ನೆಲ್ಲ ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿ ಲೆಕ್ಕ ಮಾಡಿದ್ದೆ. ಕೈ ಬಗ್ಗೆ ಮಾತ್ರ ಲೆಕ್ಕ ಹಾಕಿರಲಿಲ್ಲ.

ಎರಡನೇ ವಾರ ಬಲಗೈಯ ಉಂಗುರದ ಬೆರಳು, ಕಿರುಬೆರಳು ಜುಮುಗುಟ್ಟತೊಡಗಿದವು. ಸೋಮವಾರ ಕೀಬೋರ್ಡ್ ಮುಂದೆ ಕೂತರೆ ಎಂಟರ್ ಕೀ ಒತ್ತಿದ್ದು ಬೆರಳಿಗೇ ಗೊತ್ತಾಗುತ್ತಿರಲಿಲ್ಲ. ಅಂಗೈಯ ಹೊರ ಅಂಚಿನಲ್ಲಿ ಹಾಯುವ ನರ ಹ್ಯಾಂಡಲ್ ಮೇಲೆ ಅದುಮಿಕೊಂಡರೆ ಹೀಗಾಗುತ್ತದೆ, ಸೈಕಲ್ ಓಡಿಸುವವರಲ್ಲಿ ಇದು ಸಾಮಾನ್ಯ, ನಿರ್ಲಕ್ಷಿಸಿದರೆ ಬೆರಳಿನ ಬಲವೂ ಕಡಿಮೆಯಾಗಬಹುದು ಎಂದರು ಡಾಕ್ಟರು. ಕೈಯಲ್ಲೇ ಅನ್ನ ದುಡಿಯುವವನು ನಾನು. ಮನೆ ಸಾಲದ ಕಂತು ಇನ್ನೂ ಹದಿನಾಲ್ಕು ವರ್ಷ ಇದೆ. ಮೂರು ವಾರ ಸೈಕಲ್ ಮುಟ್ಟಲಿಲ್ಲ. ಮಾರಿಬಿಡೋಣ ಎಂದು ಫೋಟೊ ಕೂಡ ತೆಗೆದಿಟ್ಟೆ.

ಆಗಲೇ ದೀಪಾವಳಿಗೆಂದು ಅಪ್ಪ ಬಂದರು. ಮುಧೋಳ ತಾಲ್ಲೂಕಿನಲ್ಲಿ ಮೂವತ್ತು ವರ್ಷ ಸೈಕಲ್ ಮೇಲೆ ಸಾಲೆಗೆ ಹೋಗಿಬಂದ ಮಾಸ್ತರರು. ಎರೆಮಣ್ಣಿನ ದಾರಿ. ಮಳೆ ಬಂದರೆ ಮಡ್‌ಗಾರ್ಡ್‌ನೊಳಗಿನ ಮಣ್ಣು ಕೆರೆಯಲು ಸೈಕಲ್‌ಗೆ ಒಂದು ಕಡ್ಡಿ ಸಿಕ್ಕಿಸಿಕೊಂಡೇ ಹೊರಡುತ್ತಿದ್ದರು. ಪಾರ್ಕಿಂಗ್‌ನಲ್ಲಿ ನನ್ನ ಸೈಕಲ್ ನೋಡಿ, 'ಶಾಕರ್ ತಗದೀಯಾ? ಚಲೋ ಮಾಡೀದಿ. ಹತ್ತು ನೋಡೂಣು' ಎಂದರು. ಬಿಲ್ಡಿಂಗ್ ಸುತ್ತ ಎರಡು ಸುತ್ತು ಹಾಕಿಸಿದರು.

'ಮೊಳಕೈ ಯಾಕ ಕೋಲಿನಂಗ ಹಿಡದೀ? ಮಡಚು. ಸೀಟಿನ ಮೂತಿ ಕೆಳಗ ಬಾಗೇತಿ, ಮೈಭಾರ ಎಲ್ಲಾ ಕೈ ಮ್ಯಾಲೆ ಬೀಳತೈತಿ. ಗುಂಡಿ ಬಂದ್ರ ಕುಂಡಿ ಎತ್ತಬೇಕಪಾ, ಕುಂತಗೊಂಡ ಹೋಗೂದಲ್ಲ.'

ಎಂ.ಟೆಕ್. ಓದಿದವನಿಗೆ ಇಷ್ಟು ತಿಳಿದಿರಲಿಲ್ಲ. ಶಾಕರ್ ಇದ್ದಾಗ ಗುಂಡಿಯನ್ನು ಅದು ನೋಡಿಕೊಳ್ಳುತ್ತದೆ ಎಂದು ನಾನು ಮೈ ಬಿಗಿಹಿಡಿದು ಕೂತೇ ಅಭ್ಯಾಸವಾಗಿತ್ತು. ಸೀಟು ಸಮ ಮಾಡಿದೆ. ಅಂಗೈಗೆ ಅಗಲ ಒರಗು ಕೊಡುವ ಗ್ರಿಪ್ ಹಾಕಿಸಿದೆ. ಮುಂದಿನ ಟೈರನ್ನು ಐವತ್ತು ಪಿಎಸ್‌ಐ ತುಂಬಿಸುತ್ತಿದ್ದವನು ಮೂವತ್ತಕ್ಕೆ ಇಳಿಸಿದೆ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಮಾಡಿದ್ದು ಆ ಗಾಳಿಯೇ, ಆದರೆ ಅಪ್ಪನಿಗೆ ಹೇಳಿಲ್ಲ. ಇನ್ನೂ ಇಳಿಸಲು ಹೋಗಿ ಒಮ್ಮೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಯಿತು. ನನ್ನ ಎಪ್ಪತ್ತೆರಡು ಕಿಲೊಗೆ, ಎರಡಿಂಚಿನ ಟೈರಿಗೆ ಮೂವತ್ತೇ ಸರಿ.

ಈಗ ಭಾನುವಾರ ಬೆಳಿಗ್ಗೆ ಮಾರ್ವೆ ಜೆಟ್ಟಿಗೆ ಹೋಗಿ ಸೈಕಲ್ ಸಮೇತ ದೋಣಿ ಹತ್ತಿ ಮನೋರಿಗೆ ದಾಟುತ್ತೇನೆ. ಕೆಲವೇ ನಿಮಿಷದ ಖಾಡಿ. ಆಚೆ ಲಿಂಕ್ ರೋಡೂ ಇಲ್ಲ, ತಲೆ ಮೇಲೆ ಮೆಟ್ರೊವೂ ಇಲ್ಲ. ಗೊರಾಯಿ ದಾಟಿ ಉತ್ತನ್‌ವರೆಗೆ ಒಣಮೀನಿನ ವಾಸನೆ, ಹಳೆಯ ಶಿಲುಬೆಗಳು, ತೆಂಗು. ದಾರಿಯ ಕಲ್ಲು, ಮರಳು, ಡಾಂಬರು ಎಲ್ಲ ಬೇರೆಬೇರೆಯಾಗಿ ಕೈಗೆ ತಿಳಿಯುತ್ತವೆ. ಪೇವರ್ ಬ್ಲಾಕ್ ಮೇಲೆ ಮಾತ್ರ ಈಗಲೂ ಹಲ್ಲು ಕಟಕಟ ಎನ್ನುತ್ತದೆ. ಸಹ್ಯಾದ್ರಿಯ ಕಲ್ಲಿನ ಇಳಿಜಾರಿನಲ್ಲಿ ಜೋರಾಗಿ ಹೋಗುವವರಾದರೆ ಒಳ್ಳೆಯ ಶಾಕರ್‌ಗೇ ದುಡ್ಡು ಹಾಕಿ, ನನ್ನ ಮಾತು ಕೇಳಬೇಡಿ.

ಬೆರಳ ಜುಮು ನಿಂತು ಎರಡು ತಿಂಗಳಾಯಿತು. ಡಾಕ್ಟರು ಗಂಟೆಗೊಮ್ಮೆ ಕೈ ಬದಲಿಸಿ ಹಿಡಿಯಲು ಹೇಳಿದ್ದಾರೆ, ಹಿಡಿಯುತ್ತೇನೆ. ಮೊನ್ನೆ ಅಪ್ಪ ಫೋನಿನಲ್ಲಿ, ಆ ಹಳೇ ಶಾಕರ್ ಏನ್ ಮಾಡಿದಿ ಎಂದು ಕೇಳಿದರು. ಭಂಗಾರದವನಿಗೆ ಹಾಕಿದೆ, ಅರವತ್ತು ರೂಪಾಯಿ ಕೊಟ್ಟ ಎಂದೆ.

'ತಕ್ಕೊಂಡ ಬಾ ಅಂದಿದ್ದೆ ಮನಿಗಿ. ಗೇಟಿಗೆ ಸ್ಪ್ರಿಂಗ್ ಬೇಕಾಗಿತ್ತು' ಎಂದರು. ಹಾಗೆ ಅಂದದ್ದು ನನಗೆ ನೆನಪಿಲ್ಲ.