ಮುದಿ ಮೋಟಾರಿನ ಮೂಕವೇದನೆ

ನಮ್ಮ ತಂದೆಯವರು ಕಾಲವಾದಾಗ ನನ್ನ ಪಾಲಿಗೆ ಬಂದವು ಎರಡು: ಒಂದು ಕಪಾಟು ತುಂಬ ಪುಸ್ತಕಗಳು ಮತ್ತು ಒಂದು ಡೀಸೆಲ್ ಕಾರು. ಕನ್ನಡ ಎಂ.ಎ. ಓದಿದ ನನಗೆ ಪುಸ್ತಕಗಳನ್ನು ಕಾಪಾಡಿಕೊಳ್ಳುವ ಬಗೆ ತಿಳಿದಿತ್ತು. ಕಾರನ್ನು ಕಾಪಾಡಿಕೊಳ್ಳುವ ಬಗೆ ತಿಳಿದಿರಲಿಲ್ಲ. ಹಾಗೆಂದು ಅದನ್ನು ಮಾರುವಂತೆಯೂ ಇರಲಿಲ್ಲ. ಅದರ ಮುಂದಿನ ಎಡಬದಿಯ ಆಸನದಲ್ಲಿ ಕುಳಿತು ನಮ್ಮ ತಾಯಿಯವರು ತಂದೆಯವರೊಡನೆ ಹತ್ತು ವರ್ಷ ಊರೂರು ಸುತ್ತಿದ್ದರು. “ನಾನಿರುವಷ್ಟು ದಿನ ಅದು ಅಂಗಳದಲ್ಲಿ ಇರಲಿ” ಎಂಬುದೊಂದೇ ಅವರ ಅಪೇಕ್ಷೆ.

ನಮ್ಮ ಮನೆ ಬಂಟ್ವಾಳದಲ್ಲಿ. ನಾನು ಪಾಠ ಹೇಳುವ ಕಾಲೇಜು ಮೂಡಬಿದಿರೆಯಲ್ಲಿ. ತಂಗಿಯನ್ನು ಕೊಟ್ಟದ್ದು ಬೆಳ್ತಂಗಡಿಗೆ. ಸಿದ್ಧಕಟ್ಟೆಯ ದಾರಿ, ವೇಣೂರಿನ ದಾರಿ, ಪುಂಜಾಲಕಟ್ಟೆಯ ದಾರಿ — ಈ ಮೂರು ದಾರಿಗಳ ತ್ರಿಕೋನವೇ ನಮ್ಮ ಸಂಸಾರದ ಪ್ರಪಂಚವೆಂದರೆ ಅತಿಶಯೋಕ್ತಿಯಾಗಲಾರದು. ಆ ತ್ರಿಕೋನದ ಒಂದು ಬದಿಯಲ್ಲಿಯೇ, ಕಳೆದ ಆಟಿ ತಿಂಗಳ ಒಂದು ಸಂಜೆ, ಹದಿಮೂರು ವರ್ಷದ ನಮ್ಮ ಕಾರು ಮೌನವ್ರತ ಹಿಡಿಯಿತು.

ವೇಣೂರಿನ ಆ ಸಂಜೆ

ತಾಯಿಯವರನ್ನು ತಂಗಿಯ ಮನೆಗೆ ಕರೆದೊಯ್ಯುತ್ತಿದ್ದೆ. ವೇಣೂರಿನಲ್ಲಿ ಮಳೆ ಸ್ವಲ್ಪ ಹೊಳವಾಗಿದ್ದರಿಂದ, 1604ರಲ್ಲಿ ಪ್ರತಿಷ್ಠಾಪಿತವಾದ ಬಾಹುಬಲಿಯ ದರ್ಶನ ಮಾಡಿ ಒಂದು ಲೋಟ ಕಾಫಿ ಕುಡಿದು ಹೊರಡೋಣವೆಂದು ನಿಲ್ಲಿಸಿದೆವು. ಹಿಂದಿರುಗಿ ಬಂದು ಕೀಲಿ ತಿರುಗಿಸಿದರೆ ಎಂಜಿನು ಗಿರಗಿರನೆ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಬ್ಯಾಟರಿ ಸೋಲುವವರೆಗೆ ಪ್ರಯತ್ನಿಸಿದೆ. ಕತ್ತಲೆ ಕವಿಯಿತು, ಮಳೆ ಮತ್ತೆ ಹಿಡಿಯಿತು. ಎಪ್ಪತ್ತು ದಾಟಿದ ತಾಯಿಯವರ ರಾತ್ರಿಯ ಔಷಧ ತಂಗಿಯ ಮನೆಗೆ ಮೊದಲೇ ಹೋದ ಚೀಲದಲ್ಲಿತ್ತು. ಕೊನೆಗೆ ಆ ದಾರಿಯಾಗಿ ಬಂದ ಜೀಪಿನ ಪುಣ್ಯಾತ್ಮರೊಬ್ಬರು ನಮ್ಮಿಬ್ಬರನ್ನೂ ಬೆಳ್ತಂಗಡಿಗೆ ತಲುಪಿಸಿದರು. ಮರುದಿನ ಮುಂಜಾನೆ ಬೇರೆ ಬ್ಯಾಟರಿಯೊಡನೆ ಹೋಗಿ ನೋಡಿದರೆ, ಕಾರು ಏನೂ ಆಗಿಲ್ಲವೆಂಬಂತೆ ಹೊರಟೇಬಿಟ್ಟಿತು!

ಮೊದಲು ತೋರಿಸಿದ ವರ್ಕ್‌ಶಾಪಿನವರು, “ಇಂಜೆಕ್ಟರು ಹೋಗಿದೆ. ನಾಲ್ಕನ್ನೂ ಹೊಸದು ಹಾಕಬೇಕು. ಎಂಬತ್ತು ಸಾವಿರ ಆದೀತು. ಅದರ ಬದಲು ಮಾರಿಬಿಡಿ” ಎಂದರು. ನೆರೆಯವರೊಬ್ಬರು, “ಹತ್ತು ವರ್ಷ ದಾಟಿದ ಡೀಸೆಲ್ ಕಾರನ್ನು ಓಡಿಸುವಂತೆಯೇ ಇಲ್ಲವಂತಲ್ಲ?” ಎಂದು ಹೆದರಿಸಿದರು. ಇದು ದಿಲ್ಲಿ ಪ್ರದೇಶಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಪೀಠವು 2015ರಲ್ಲಿ ನೀಡಿದ ಆಜ್ಞೆಯ ಪ್ರತಿಧ್ವನಿ. ನಮ್ಮ ಜಿಲ್ಲೆಗೆ ಅನ್ವಯಿಸುವಂಥದಲ್ಲ. ಇಲ್ಲಿ ಸ್ವಂತದ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಅನಂತರ ತಪಾಸಣೆಯಲ್ಲಿ ಯೋಗ್ಯವೆಂದು ಕಂಡರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ವಯಸ್ಸೊಂದೇ ಅಪರಾಧವಾಗಿದ್ದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹದ ಹಳೆಯ ಕಾರುಗಳನ್ನು ನೋಡಲು ಜನ ಸಾಲುಗಟ್ಟಿ ನಿಲ್ಲುತ್ತಿದ್ದರೇ?

ಕೂದಲಿಗಿಂತ ಸೂಕ್ಷ್ಮ

ಇಂಜೆಕ್ಟರು ಎಂದರೇನು? ಪೆಟ್ರೋಲ್ ಎಂಜಿನಿನಲ್ಲಿ ಕಿಡಿ ಹಾರಿಸಲು ಪ್ಲಗ್ಗು ಇರುತ್ತದೆ. ಡೀಸೆಲ್ ಎಂಜಿನಿನಲ್ಲಿ ಅದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿಯೇ ಉರಿಯುತ್ತದೆ. ಹೀಗೆ ಚಿಮ್ಮಿಸುವ ಪಿಚಕಾರಿಯೇ ಇಂಜೆಕ್ಟರು. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಎಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದಾಗ, ಎಣ್ಣೆಯನ್ನು ಒಳಗೆ ಊದಲು ಬೇರೊಂದು ಗಾಳಿಯಂತ್ರವೇ ಬೇಕಾಗಿತ್ತು. 1927ರಲ್ಲಿ ಬಾಷ್ ಸಂಸ್ಥೆಯ ಇಂಧನ ಪಂಪು ತಯಾರಾಗತೊಡಗಿದ ಮೇಲೆ ಡೀಸೆಲ್ ಎಂಜಿನು ಲಾರಿ, ಬಸ್ಸು, ಕಾರುಗಳಿಗೆ ಒಗ್ಗಿತು. ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದ್ದು 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ. 2008ರಲ್ಲಿ ಅದು ಬಾಷ್ ಎಂಬ ಹೆಸರು ತಳೆದರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಹಳೆಯ ನೆನಪು ಉಳಿದಿದೆ.

1997ರಿಂದೀಚೆಗೆ ಕಾರುಗಳಿಗೆ ಬಂದ ಹೊಸ ಪದ್ಧತಿಗೆ ‘ಕಾಮನ್ ರೇಲ್’ ಎಂದು ಹೆಸರು. ಪಂಪು ಎಲ್ಲ ಸಿಲಿಂಡರುಗಳಿಗೂ ಸೇರಿದ ಒಂದೇ ಕೊಳವೆಯಲ್ಲಿ ಡೀಸೆಲನ್ನು ಒತ್ತಿ ತುಂಬಿಡುತ್ತದೆ. ಯಾವ ಇಂಜೆಕ್ಟರು ಯಾವ ಕ್ಷಣ ತೆರೆಯಬೇಕೆಂಬುದನ್ನು ಕಂಪ್ಯೂಟರು ನಿರ್ಧರಿಸುತ್ತದೆ. ಆ ಕೊಳವೆಯ ಒತ್ತಡ ವಾಯುಮಂಡಲದ ಒತ್ತಡದ 1,600 ಪಟ್ಟಿನವರೆಗೂ ಏರಬಹುದು. ಎಂದರೆ ನಮ್ಮ ಕಾರಿನ ಟಯರಿನಲ್ಲಿರುವ ಒತ್ತಡದ ಸುಮಾರು 800 ಪಟ್ಟು! ಇಂಜೆಕ್ಟರಿನ ತುದಿಯ ರಂಧ್ರಗಳು ಒಂದೆರಡು ಕೂದಲಿನ ದಪ್ಪದವು. ಒಳಗಿನ ಸೂಜಿಗೂ ಅದರ ಕವಚಕ್ಕೂ ನಡುವೆ ಇರುವ ಸಂದು ಕೂದಲಿನ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಿರಿದು. ಎಂಜಿನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಪ್ರತಿಯೊಂದು ಇಂಜೆಕ್ಟರೂ ನಿಮಿಷಕ್ಕೆ ಸಾವಿರ ಸಲ ಉಣಿಸಬೇಕು. ಇಷ್ಟು ನವಿರಾದ ಯಂತ್ರಕ್ಕೆ ಒಂದು ತೊಟ್ಟು ನೀರು, ಒಂದು ಕಣ ತುಕ್ಕು ಸಹ ವಿಷವೇ ಸರಿ.

ನಾಲ್ಕು ಸೀಸೆಗಳ ಸಾಕ್ಷ್ಯ

ಮಾರುವ ಮನಸ್ಸಾಗದೆ ನಾನು ಬಿ.ಸಿ. ರೋಡಿನ ಬಳಿಯ ಹಿರಿಯ ಮೇಸ್ತ್ರಿಯೊಬ್ಬರ ಗ್ಯಾರೇಜಿಗೆ ಹೋದೆ. ಅವರು ಬಸ್ಸಿನ ಎಂಜಿನುಗಳೊಡನೆ ಮೂವತ್ತು ವರ್ಷ ಕಳೆದವರು. ಎಂಜಿನಿನ ಸದ್ದನ್ನು ಕೇಳಿ, ಸ್ಪಾನರ್ ಹಿಡಿದು ಇಂಜೆಕ್ಟರಿನ ಕೊಳವೆಯ ನಟ್ಟಿನತ್ತ ಕೈ ನೀಡಿದರು. ಹಳೆಯ ಡೀಸೆಲ್ ಗಾಡಿಗಳಲ್ಲಿ ಅದೇ ಕ್ರಮ: ಎಂಜಿನು ಓಡುತ್ತಿರುವಾಗಲೇ ಒಂದೊಂದಾಗಿ ನಟ್ಟು ಸಡಿಲಿಸುವುದು, ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಅದೇ ಸತ್ತ ಸಿಲಿಂಡರು. ಅಷ್ಟರಲ್ಲಿ ಒಳಗಿನಿಂದ ಓಡಿಬಂದ ಮಗ ತಂದೆಯ ಮಣಿಕಟ್ಟನ್ನು ಹಿಡಿದುಕೊಂಡ.

“ಅಪ್ಪಾ, ಇದು ನಿಮ್ಮ ಬಸ್ಸಿನ ಪಂಪಲ್ಲ! ಮುಟ್ಟಬೇಡಿ!”

ಮೇಸ್ತ್ರಿಯವರ ಮುಖ ಒಂದು ಕ್ಷಣ ಬಾಡಿತು. ಮಗ ಹೇಳಿದ್ದು ನಿಜವೇ. ಕಾಮನ್ ರೇಲಿನ ನಟ್ಟನ್ನು ಎಂಜಿನು ಓಡುವಾಗ ಸಡಿಲಿಸಿದರೆ ಚಿಮ್ಮುವ ಡೀಸೆಲು ಚರ್ಮವನ್ನು ತೂರಿ ಮಾಂಸದೊಳಗೆ ಹೋಗಬಲ್ಲದು. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ. ಒಳಗೆ ಬೆರಳನ್ನೇ, ಕೈಯನ್ನೇ ಕಳೆದುಕೊಳ್ಳುವಂಥ ಹಾನಿ. ಹಾಗಾದಲ್ಲಿ ನೋವಿಲ್ಲವೆಂದು ಸುಮ್ಮನಿರದೆ ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು.

ಮುದುಕರು ಸ್ಪಾನರನ್ನು ಕೆಳಗಿಟ್ಟು ನನ್ನತ್ತ ತಿರುಗಿದರು. “ಮಾಷ್ಟ್ರೇ, ತಣ್ಣಗಿರುವಾಗ ಸ್ಟಾರ್ಟ್ ಆಗ್ತದೆ, ಬಿಸಿಯಾದ ಮೇಲೆ ಆಗುವುದಿಲ್ಲ, ಅಲ್ಲವಾ?” ಎಂದರು. ಹೌದೆಂದೆ. “ಹಾಗಾದರೆ ಎಣ್ಣೆ ಎಲ್ಲಿಯೋ ಹಿಂದಕ್ಕೆ ಸೋರುತ್ತಾ ಉಂಟು. ಸೀಸೆ ಕಟ್ಟು ಮಗ.”

ರೋಗವನ್ನು ಗುರುತಿಸಿದ್ದು ತಂದೆಯ ಅನುಭವ. ಪರೀಕ್ಷೆ ಮಾಡಿದ್ದು ಮಗನ ಹೊಸ ವಿದ್ಯೆ. ಪ್ರತಿಯೊಂದು ಇಂಜೆಕ್ಟರಿನಿಂದಲೂ ಸ್ವಲ್ಪ ಡೀಸೆಲು ಟ್ಯಾಂಕಿಗೆ ಹಿಂದಿರುಗುವುದು ಸಹಜ. ಆ ಹಿಂದಿರುಗುವ ನಾಲ್ಕು ಸಣ್ಣ ಕೊಳವೆಗಳಿಗೆ ನಾಲ್ಕು ಸೀಸೆಗಳನ್ನು ಕಟ್ಟಿ ಎಂಜಿನನ್ನು ಓಡಿಸಿದರು. ಮೂರು ಸೀಸೆಗಳಲ್ಲಿ ಎರಡು ಬೆರಳಿನಷ್ಟು ಎಣ್ಣೆ, ನಾಲ್ಕನೆಯದರಲ್ಲಿ ಕಂಠದವರೆಗೆ! ಸವೆದ ಆ ಒಂದು ಇಂಜೆಕ್ಟರಿನಿಂದ ಒತ್ತಡವೆಲ್ಲ ಸೋರಿಹೋಗುತ್ತಿತ್ತು. ಬಿಸಿಯಾದ ಡೀಸೆಲು ತೆಳ್ಳಗಾಗುವುದರಿಂದ ಸೋರಿಕೆ ಇನ್ನೂ ಹೆಚ್ಚುತ್ತದೆ. ಒತ್ತಡ ನಿಗದಿತ ಮಟ್ಟಕ್ಕೆ ಏರುವವರೆಗೆ ಕಂಪ್ಯೂಟರು ಇಂಜೆಕ್ಟರನ್ನು ತೆರೆಯಲು ಬಿಡುವುದಿಲ್ಲ. ವೇಣೂರಿನ ಒಗಟು ಒಡೆಯಿತು.

ಅನಂತರ ಮಗ ಡೀಸೆಲ್ ಫಿಲ್ಟರಿನ ಅಡಿಯ ತಿರುಪನ್ನು ಬಿಚ್ಚಿದ. ಮೊದಲು ಬಂದದ್ದು ಡೀಸೆಲಲ್ಲ, ಕಂದುಬಣ್ಣದ ನೀರು. “ಫಿಲ್ಟರು ಯಾವಾಗ ಹಾಕಿದ್ದು, ಮಾಷ್ಟ್ರೇ?” ಎಂದು ಮೇಸ್ತ್ರಿಯವರು ಕೇಳಿದರು. ಮೂರು ವರ್ಷವಾಗಿತ್ತು, ತಂದೆಯವರ ಕೈಬರಹದ ಲೆಕ್ಕದ ಪುಸ್ತಕ ಅಲ್ಲಿಗೇ ನಿಂತಿತ್ತು. ಕಾರಿನ ಮುಂಫಲಕದಲ್ಲಿ ನೀರಿನ ಸೂಚನೆಯ ದೀಪ ಕೆಲವು ವಾರಗಳಿಂದ ಮಿನುಗುತ್ತಿದ್ದುದನ್ನು ನಾನು ದೀಪದ ದೋಷವೆಂದು ಬಗೆದಿದ್ದೆ. ವಿದ್ಯಾರ್ಥಿಗಳ ಒಂದು ಒತ್ತಕ್ಷರದ ತಪ್ಪನ್ನೂ ಬಿಡದವನಿಗೆ ಆಗ ತಲೆಯೆತ್ತಲಾಗಲಿಲ್ಲ.

ಮುನ್ಸೂಚನೆಗಳು

ಇಂಜೆಕ್ಟರು ಒಂದೇ ದಿನದಲ್ಲಿ ಕೆಡುವುದು ಅಪರೂಪ. ನಿಂತಲ್ಲೇ ಎಂಜಿನು ನಡುಗುವುದು, ಸ್ಟಾರ್ಟ್ ಆಗಲು ದಿನೇ ದಿನೇ ಹೆಚ್ಚು ಹೊತ್ತು ಹಿಡಿಯುವುದು, ಪಿಕಪ್ ಮತ್ತು ಮೈಲೇಜು ಇಳಿಯುವುದು, ಕಪ್ಪು ಅಥವಾ ಬಿಳಿಯ ಹೊಗೆ — ಇವು ಮೊದಲ ಸೂಚನೆಗಳು. ಇಂಜೆಕ್ಟರಿನ ಬುಡದಲ್ಲಿ ಡಾಂಬರಿನಂಥ ಕರಿ ಕಟ್ಟಿ ‘ಚುಸ್ ಚುಸ್’ ಎಂಬ ಸದ್ದು ಬಂದರೆ ಇಂಜೆಕ್ಟರೇ ಕೆಟ್ಟಿರಬೇಕೆಂದಿಲ್ಲ. ಅಡಿಯ ತಾಮ್ರದ ವಾಷರು ಹೋಗಿರಬಹುದು. ಆದರೆ ಸುತ್ತಿಗೆಯ ಪೆಟ್ಟಿನಂಥ ಸದ್ದು ಕೇಳಿಸಿದರೆ, ಅಥವಾ ಎಂಜಿನ್ ಆಯಿಲಿನ ಮಟ್ಟ ತಾನಾಗಿ ಏರಿ ಅದರಲ್ಲಿ ಡೀಸೆಲಿನ ವಾಸನೆ ಬಂದರೆ, ಮನೆಯವರೆಗಾದರೂ ಹೋಗೋಣವೆಂಬ ಆಸೆ ಬೇಡ. ಮುಚ್ಚಿಕೊಳ್ಳದ ಇಂಜೆಕ್ಟರು ಪಿಸ್ಟನ್ನನ್ನೇ ಸುಟ್ಟೀತು, ಅಲ್ಲಿಯೇ ನಿಲ್ಲಿಸಬೇಕು.

ನಾಲ್ಕನ್ನೂ ಬದಲಿಸಿರೆಂದು ಯಾರಾದರೂ ಹೇಳಿದರೆ, ಮೊದಲು ಸೀಸೆಯ ಪರೀಕ್ಷೆಯನ್ನೂ ಪರೀಕ್ಷಾಯಂತ್ರದ ವರದಿಯನ್ನೂ ಕೇಳಿ. ಹೊಸ ಇಂಜೆಕ್ಟರು ಹಾಕಿದಾಗ ತಾಮ್ರದ ವಾಷರೂ ಹೊಸದಾಗಿರಲಿ. ಅನೇಕ ಕಾರುಗಳಲ್ಲಿ ಇಂಜೆಕ್ಟರಿನ ಮೈಮೇಲಿನ ಸಂಕೇತಾಕ್ಷರಗಳನ್ನು ಸ್ಕ್ಯಾನರಿನ ಮೂಲಕ ಕಂಪ್ಯೂಟರಿಗೆ ತಿಳಿಸಬೇಕಾಗುತ್ತದೆ. ಅದನ್ನು ಬಿಟ್ಟರೆ ಹೊಸದು ಹಾಕಿಯೂ ಎಂಜಿನು ನಡುಗೀತು.

ಮಳೆನಾಡಿನ ಜಾಗ್ರತೆ

ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಗಾಳಿಯೇ ಒದ್ದೆ. ಟ್ಯಾಂಕು ಅರೆಬರೆ ಖಾಲಿಯಾಗಿದ್ದರೆ ಆ ತೇವ ಒಳಗೆ ಹನಿಗಟ್ಟುತ್ತದೆ. ಆದುದರಿಂದ ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗಿಳಿಸದಿರುವುದು, ಫಿಲ್ಟರಿನ ನೀರನ್ನು ಆಗಾಗ ಇಳಿಸುವುದು, ಕೈಪಿಡಿಯಲ್ಲಿ ಹೇಳಿದ ಅವಧಿಗೆ ಫಿಲ್ಟರನ್ನು ಬದಲಿಸುವುದು — ಇಷ್ಟೇ ಪಥ್ಯ. ಸೀಮೆಎಣ್ಣೆಯ ಬೆರಕೆ ಇದ್ದರೆ ಡೀಸೆಲಿನ ಜಾರುಗುಣ ಕೆಟ್ಟು ಇಂಜೆಕ್ಟರು ಬೇಗ ಸವೆಯುತ್ತದೆ. ವ್ಯಾಪಾರ ಚೆನ್ನಾಗಿರುವ ನಂಬಿಕೆಯ ಬಂಕನ್ನೇ ಆರಿಸಿಕೊಳ್ಳಿ. 2020ರ ಏಪ್ರಿಲಿನಿಂದ ದೊರೆಯುತ್ತಿರುವ ಗಂಧಕ ಕಡಿಮೆಯಾದ ಡೀಸೆಲಿನಿಂದ ಹಳೆಯ ಕಾರು ಕೆಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅದರ ಜಾರುಗುಣಕ್ಕೂ ನಿಗದಿತ ಪ್ರಮಾಣವಿದೆ.

ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಮೂರು ಇಂಜೆಕ್ಟರುಗಳು ಶುಚಿ ಮಾಡಿದರೆ ಸಾಕೆಂದು ತಿಳಿಯಿತು. ಒಂದನ್ನು ಬದಲಿಸಿ, ಟ್ಯಾಂಕು ತೊಳೆದು, ಫಿಲ್ಟರು ಹಾಕಿದ್ದಕ್ಕೆ ಒಟ್ಟು 27,000 ರೂಪಾಯಿ ಖರ್ಚಾಯಿತು. ಉಪನ್ಯಾಸಕನಿಗೆ ಅದು ಹಗುರವಾದ ಮೊತ್ತವಲ್ಲ. ಸಕಾಲದಲ್ಲಿ ಒಂದು ಫಿಲ್ಟರು ಹಾಕಿದ್ದರೆ ಅದರಲ್ಲಿ ಬಹುಪಾಲು ಉಳಿಯುತ್ತಿತ್ತು. ಮೂಡಬಿದಿರೆಯ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಗರಿಗಳು ಇದೇ ಕರಾವಳಿಯ ತೇವವನ್ನು ಗೆದ್ದು ಶತಮಾನಗಳ ಕಾಲ ಉಳಿದುಬಂದವೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅವು ತಾವಾಗಿ ಉಳಿದದ್ದಲ್ಲ, ಕಾಪಾಡಿದವರಿದ್ದರು.

ಕಳೆದ ತಿಂಗಳು ತಾಯಿಯವರನ್ನು ಮತ್ತೆ ಅದೇ ದಾರಿಯಲ್ಲಿ ಕರೆದೊಯ್ದೆ. ವೇಣೂರಿನಲ್ಲಿ ಕಾಫಿ ಮುಗಿಸಿ ಕೀಲಿ ತಿರುಗಿಸುವಾಗ ನನ್ನ ಎದೆ ಡವಗುಟ್ಟಿತು. ಎಂಜಿನು ಒಂದೇ ಹಿಡಿತಕ್ಕೆ ಹೊತ್ತಿಕೊಂಡಿತು. ತಾಯಿಯವರು ಏನೂ ಹೇಳಲಿಲ್ಲ. ಮುಂದಿನ ಪೆಟ್ಟಿಗೆಯಿಂದ ತಂದೆಯವರ ಲೆಕ್ಕದ ಪುಸ್ತಕವನ್ನು ತೆಗೆದು ನನ್ನ ಮಡಿಲಲ್ಲಿಟ್ಟರು. ಹೊಸ ಫಿಲ್ಟರಿನ ತಾರೀಕನ್ನು ಅವರ ಕೈಬರಹದ ಕೆಳಗೇ ಬರೆದುಕೊಂಡೆ.