ಉಸಿರಿನ ಅಳತೆ: ಶ್ವಸನ ಶರೀರಕ್ರಿಯಾಶಾಸ್ತ್ರ ಮತ್ತು ಕೃತಕ ಉಸಿರಾಟದಲ್ಲಿ ಸ್ನಾತಕೋತ್ತರ ಸಂಶೋಧನಾ ತರಬೇತಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು ಸೀಮೆ ಭತ್ತಕ್ಕೆ ಹೆಸರಾದುದು. ಲಿಂಗಸುಗೂರು, ಮಸ್ಕಿ ಭಾಗದ ಎರೆಭೂಮಿಯಲ್ಲಿ ಹತ್ತಿ, ತೊಗರಿಗಳ ಬೇಸಾಯವಿದೆ. ವಳಕಮದಿನ್ನಿಯಂತಹ ಗ್ರಾಮಗಳ ಈ ಪರಿಸರದಲ್ಲಿ ಕೀಟನಾಶಕವು ಬಿತ್ತನೆಯ ಬೀಜದಷ್ಟೇ ಪರಿಚಿತ ವಸ್ತು. ಕೃಷಿಪ್ರಧಾನ ಪ್ರದೇಶದ ಆಸ್ಪತ್ರೆಗಳಲ್ಲಿ ರೋಗಿಯನ್ನು ವೆಂಟಿಲೇಟರ್‌ಗೆ ಒಪ್ಪಿಸಬೇಕಾಗಿ ಬರುವ ಮುಖ್ಯ ಕಾರಣಗಳಲ್ಲಿ ಆರ್ಗನೋಫಾಸ್ಫರಸ್ ವಿಷವೂ ಒಂದು. ಆದುದರಿಂದ ಶ್ವಸನ ಶರೀರಕ್ರಿಯಾಶಾಸ್ತ್ರವು ಇಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗೆ ಕೇವಲ ಪರೀಕ್ಷೆಯ ವಿಷಯವಾಗಿ ಉಳಿಯಲಾರದು.

ಈ ವಿಷವು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಶ್ವಾಸನಾಳಗಳಲ್ಲಿ ಸ್ರಾವ ತುಂಬುತ್ತದೆ, ಮೆದುಳಿನ ಉಸಿರಾಟದ ಕೇಂದ್ರ ಕುಗ್ಗುತ್ತದೆ, ವಪೆ ಸೋಲುತ್ತದೆ. ಅಟ್ರೊಪಿನ್ ನೀಡಿದ ಮೇಲೆ ಚೇತರಿಸಿಕೊಂಡಂತೆ ಕಂಡ ರೋಗಿಯಲ್ಲಿಯೂ 24ರಿಂದ 96 ಗಂಟೆಗಳ ನಡುವೆ ಕತ್ತಿನ ಹಾಗೂ ಉಸಿರಾಟದ ಸ್ನಾಯುಗಳು ಮತ್ತೆ ಬಲಗುಂದುವುದುಂಟು. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಾಲಿಯದ್ದೆ ಈ ಘಟ್ಟವನ್ನು ಪ್ರತ್ಯೇಕವಾಗಿ ಗುರುತಿಸಿ, ಮಧ್ಯಂತರ ಲಕ್ಷಣಕೂಟವೆಂದು ವರ್ಣಿಸಿದರು. ರೋಗಿಗೆ ದಿಂಬಿನಿಂದ ತಲೆ ಎತ್ತಲಾಗದಿರುವುದು ಅದರ ಮುನ್ಸೂಚನೆ. ಇದನ್ನು ಕಾಣಲು ಬೆಲೆಬಾಳುವ ಉಪಕರಣ ಬೇಕಿಲ್ಲ.

ಕೃತಕ ಉಸಿರಾಟದ ಇತಿಹಾಸವೂ ಇಂತಹದೇ ನಿದರ್ಶನವನ್ನು ಒದಗಿಸುತ್ತದೆ. 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗಿನಲ್ಲಿ ರೋಗಿಗಳ ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಪ್ರಮಾಣ ಏರಿದ್ದುದನ್ನು ವೈದ್ಯರು ಕ್ಷಾರಾಧಿಕ್ಯವೆಂದು ತಿಳಿದಿದ್ದರು. ಅದು ಉಸಿರು ಸಾಲದೆ ಉಳಿದುಹೋದ ಅನಿಲವೆಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ವಾದಿಸಿ ತೋರಿಸಿದರು. ಬಳಿಕ ಸುಮಾರು 1,500 ವಿದ್ಯಾರ್ಥಿಗಳು ಸರದಿಯಂತೆ ಕುಳಿತು ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ರೋಗಿಗಳನ್ನು ಬದುಕಿಸಿದರು. ಸರಿಯಾದ ಅಳತೆ ಮೊದಲು, ಯಂತ್ರ ಆಮೇಲೆ ಎಂಬ ಕ್ರಮ ಇಲ್ಲಿ ಗಮನಾರ್ಹ.

ಅಳತೆಯ ತಪ್ಪು ಎಷ್ಟು ದುಬಾರಿಯೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ತೀವ್ರ ಶ್ವಾಸಕೋಶ ವೈಫಲ್ಯದ 861 ರೋಗಿಗಳನ್ನು ಕುರಿತು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಪ್ರತಿ ಉಸಿರಿಗೆ ಕಿಲೋಗ್ರಾಂ ತೂಕಕ್ಕೆ 12 ಮಿ.ಲೀ. ಗಾಳಿ ಪಡೆದವರಲ್ಲಿ ಮರಣವು ಶೇ. 39.8, 6 ಮಿ.ಲೀ. ಪಡೆದವರಲ್ಲಿ ಶೇ. 31. ಇಲ್ಲಿ ತೂಕವೆಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕಹಾಕಿದ ತೂಕ. 150 ಸೆಂ.ಮೀ. ಎತ್ತರದ ಕೃಷಿಕಾರ್ಮಿಕ ಮಹಿಳೆಗೆ ಅದು ಸುಮಾರು 43 ಕಿ.ಗ್ರಾಂ.; ಅಂದರೆ ಒಂದು ಉಸಿರಿಗೆ 260 ಮಿ.ಲೀ. ರೂಢಿಯಂತೆ 500 ಮಿ.ಲೀ.ಗೆ ಯಂತ್ರವನ್ನು ಹೊಂದಿಸಿದರೆ, ಹಾನಿಗೊಂಡು ಕುಗ್ಗಿದ ಶ್ವಾಸಕೋಶಕ್ಕೆ ಹೆಚ್ಚುಕಡಿಮೆ ಇಮ್ಮಡಿ ಗಾಳಿ ತುಂಬಿದಂತಾಗುತ್ತದೆ. ಹಾಸಿಗೆಯ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದವಳ ಎತ್ತರವನ್ನು ಟೇಪಿನಿಂದ ಅಳೆಯುವವರು ಯಾರು?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ, ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2007ರಲ್ಲಿ ಆರಂಭವಾದವು. ಮೂರು ವರ್ಷಗಳ ಎಂ.ಡಿ. ವ್ಯಾಸಂಗದಲ್ಲಿ ಸಂಶೋಧನಾ ಪ್ರಬಂಧವು ಕಡ್ಡಾಯ. 2019ರಿಂದ ಸಂಶೋಧನಾ ವಿಧಾನದ ಮೂಲ ಶಿಕ್ಷಣವೂ, ಅನಂತರ ಮೂರು ತಿಂಗಳ ಜಿಲ್ಲಾ ವಸತಿ ತರಬೇತಿಯೂ ಸೇರ್ಪಡೆಯಾಗಿವೆ. ಚೌಕಟ್ಟು ಇದೆ, ಕೊರತೆ ಬೇರೆಡೆಯಲ್ಲಿದೆ. ಶರೀರಕ್ರಿಯಾಶಾಸ್ತ್ರದ ವಿದ್ಯಾರ್ಥಿ ಆರೋಗ್ಯವಂತ ಯುವಕರಿಗೆ ಸ್ಪೈರೋಮೀಟರ್ ಊದಿಸುತ್ತಾನೆ. ಅರಿವಳಿಕೆಯ ವಿದ್ಯಾರ್ಥಿ ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್‌ನ ಗುಂಡಿ ತಿರುಗಿಸುತ್ತಾನೆ. ಒತ್ತಡ, ಗಾತ್ರ, ಹರಿವುಗಳನ್ನು ಕ್ಷಣಕ್ಷಣಕ್ಕೂ ಬರೆಯುವ ವೆಂಟಿಲೇಟರ್ ಸ್ವತಃ ಒಂದು ಪ್ರಯೋಗಶಾಲೆ ಎಂಬುದನ್ನು ಇಬ್ಬರಿಗೂ ಒಟ್ಟಿಗೆ ಕಲಿಸುವ ಏರ್ಪಾಡು ವಿರಳ. ಸ್ಪೈರೋಮೀಟರ್‌ನ ಪ್ರಮಾಣಮೌಲ್ಯಗಳದೂ ತೊಡಕೇ: 2012ರ ಜಾಗತಿಕ ಸಮೀಕರಣಗಳಲ್ಲಿ ಭಾರತ ಉಪಖಂಡಕ್ಕೆ ಪ್ರತ್ಯೇಕ ಗುಂಪು ಇರಲಿಲ್ಲ.

2020ರಲ್ಲಿ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 30,000 ವೆಂಟಿಲೇಟರ್‌ಗಳ ಬೇಡಿಕೆಯನ್ನು ಕೈಗೆತ್ತಿಕೊಂಡಿತು. ಯಂತ್ರ ನಾಡಿನೊಳಗೇ ತಯಾರಾಗಬಲ್ಲದು. ಅದನ್ನು ಯಾವಾಗ ಜೋಡಿಸಬೇಕು, ಯಾವಾಗ ಕಳಚಬೇಕು ಎಂಬ ತಿಳಿವು ಮಾತ್ರ ಸ್ಥಳೀಯ ರೋಗಿಗಳಿಂದಲೇ ಬರಬೇಕು. ವಿಷ ಸೇವಿಸಿದವರಲ್ಲಿ ಮೊದಲ ನಾಲ್ಕು ದಿನ, ಆರು ಗಂಟೆಗೊಮ್ಮೆ ಕತ್ತಿನ ಬಲವನ್ನೂ ಒಳಉಸಿರಿನ ಗರಿಷ್ಠ ಒತ್ತಡವನ್ನೂ ದಾಖಲಿಸಿ, ಯಾರಿಗೆ ಯಂತ್ರ ಬೇಕಾಯಿತೆಂದು ಹೋಲಿಸುವುದು ಮೂರು ವರ್ಷಗಳ ಅವಧಿಯಲ್ಲಿ ಮುಗಿಯಬಲ್ಲ ಕೆಲಸ. ಬೇರೆಡೆ ಹತ್ತಾರು ಬಾರಿ ಹೋಲಿಸಿದ ಎರಡು ಅರಿವಳಿಕೆ ಔಷಧಗಳನ್ನು ಮತ್ತೆ ಹೋಲಿಸುವ ಪ್ರಬಂಧಕ್ಕಿಂತ ಸಿಂಧನೂರಿನಿಂದ ರಾಯಚೂರಿಗೆ ಸಾಗುವ ಆಂಬುಲೆನ್ಸ್‌ನ ರೋಗಿಗೆ ಅದು ಹತ್ತಿರದ್ದು.